ಹಿಂಜಿದ ಹತ್ತಿ, ಹಳೇ ಲ್ಯಾಪ್‌ಟಾಪ್

"ತುಂಬಾ ಸ್ಲೋ ಐತ್ರಿ ಮೇಡಂ. ಇದನ್ನ ಗುಜರಿಗೆ ಹಾಕಿ ಹೊಸಾದು ತಗೊಳ್ರಿ," ಎಂದ ದಾವಣಗೆರೆಯ ಅಂಗಡಿಯವನು. ನಾನು ಲ್ಯಾಪ್‌ಟಾಪನ್ನು ಬಗಲಲ್ಲಿಟ್ಟುಕೊಂಡು ಸೀದಾ ಮನೆಗೆ ಬಂದೆ. ಫೋಟೊಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿ, ಹಿಂದಿನ ಮುಚ್ಚಳ ಬಿಚ್ಚಿ, ಫ್ಯಾನಿನ ಮೇಲೆ ಊದಿದೆ. ಬೂದು ಧೂಳು ಮೂಗಿಗೇರಿತು. ಹರಿಹರದ ನಮ್ಮ ಅಂಗಳದಲ್ಲಿ ಹತ್ತಿ ಹಿಂಜುವಾಗ ಏಳುತ್ತಿದ್ದ ಧೂಳಿನದೇ ವಾಸನೆ.

ಹಾಸಿಗೆ ಗಟ್ಟಿಯಾದಾಗೆಲ್ಲ ಅವ್ವ ಹತ್ತಿ ಹಿಂಜುವ ಮಾಬುಸಾಬರನ್ನು ಕರೆಸುತ್ತಿದ್ದಳು. ಅವರು ಹೊಲಿಗೆ ಬಿಚ್ಚಿ, ಹತ್ತಿಯನ್ನೆಲ್ಲ ಸುರಿದು, ಬಿಲ್ಲಿನ ತಂತಿ ಮಿಡಿಯುತ್ತಾ ಕೂರುತ್ತಿದ್ದರು. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಪಕ್ಕದಲ್ಲೇ ಕಾವಲು. ಹಿಡಿ ಹತ್ತಿಯೂ ಗಾಳಿಗೆ ಹೋಗಬಾರದು.

ಒಮ್ಮೆ ನಮ್ಮನ್ನು ನೋಡಲು ಬಂದಿದ್ದ ಸೋದರಮಾವ ನಕ್ಕುಬಿಟ್ಟ. "ಯಕ್ಕಾ, ಈಗ ಫೋಮ್ ಹಾಸಿಗೆ ಬಂದಾವೆ. ಈ ಹಳೇದು ಯಾಕ ಬೇಕು?"

"ಹತ್ತಿ ಸತ್ತಿಲ್ಲೋ, ಗಂಟು ಕಟ್ಟೈತೆ ಅಷ್ಟೆ," ಎಂದಳು ಅವ್ವ. ಹಿಂಜಿ, ತುಂಬಿ, ಹೊಲಿದಾದ ಮೇಲೆ ಅದೇ ಹಾಸಿಗೆಯನ್ನು ಅವನಿಗೇ ಹಾಸಿದಳು. "ಉಂಡಿದೀಯಲ್ಲ, ಒಂಚೂರು ಅಡ್ಡಾಗು. ಮಾತು ಆಮ್ಯಾಲೆ."

ಸಂಜೆಯ ರೈಲು ಹೊಳೆಯ ಸೇತುವೆ ದಾಟಿದ ಸದ್ದು ಕೇಳಿಸಿತು. ಮಾವ ಹತ್ತಬೇಕಿದ್ದ ರೈಲು ಅದು. ಅವನಿನ್ನೂ ಗೊರಕೆ ಹೊಡೆಯುತ್ತಿದ್ದ. ಅವ್ವ ಎಬ್ಬಿಸಲೇ ಇಲ್ಲ. ಓಣಿಯ ಹೆಂಗಸರನ್ನು ಕರೆದು, ಹಳೇ ಹಾಸಿಗೆಯ ಮೇಲೆ ಮಲಗಿದ್ದವನನ್ನು ತೋರಿಸಿದಳು.

ಇವತ್ತು ಹಳೆಯ ಆಪರೇಟಿಂಗ್ ಸಿಸ್ಟಮ್ ಪೂರ್ತಿ ಅಳಿಸಿ, ಹೊಸದಾಗಿ ಹಾಕಿದೆ. ಈಗ ಲ್ಯಾಪ್‌ಟಾಪ್ ಸರಸರ ಓಡುತ್ತಿದೆ; ಈ ಪೋಸ್ಟ್ ಬರೆಯುತ್ತಿರುವುದು ಅದರಲ್ಲೇ. ನಾಳೆ ಇದನ್ನು ಆ ಅಂಗಡಿಯವನ ಮುಂದಿಟ್ಟು, ಆನ್ ಮಾಡಿ, ಒಂದೇ ಮಾತು ಕೇಳುವುದಿದೆ: "ಗುಜರಿ ಎಲ್ಲೈತೆ, ತೋರಿಸ್ರಿ."