ಗೇರಿನ ಸೊಲೆನಾಯ್ಡ್ ಮತ್ತು ಅಪ್ಪನ ಬಲಗಾಲು

ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ್ದ ಬುದ್ಧನ ಪುಟ್ಟ ಮೂರ್ತಿ ತನ್ನ ಜಾಗದಿಂದ ಒಂದೂವರೆ ಬೆರಳಿನಷ್ಟು ಹಿಂದೆ ಸರಿದಿತ್ತು. ಮೂರ್ತಿ ಮೊದಲು ಕುಳಿತಿದ್ದ ಕಡೆ ಧೂಳು ಹತ್ತದ ಒಂದು ದುಂಡನೆಯ ಗುರುತು ಉಳಿದಿತ್ತು. ಅದರ ಅಂಚಿಗೆ ಬೆರಳಿಟ್ಟು ಅಳೆದಿದ್ದೆ. ರಾಯಚೂರಿನ ಬಿಸಿಲಿಗೆ ಅಂಟು ಕರಗಿರಬೇಕು ಎನ್ನಬಹುದಿತ್ತು, ಆದರೆ ಅದು ಡಿಸೆಂಬರ್ ತಿಂಗಳು. ನಾನು ಬೇರೆ ತೀರ್ಮಾನಕ್ಕೆ ಬಂದೆ: ಅಪ್ಪನ ಬಲಗಾಲೂ ಸೋಲುತ್ತಿದೆ.

ತೀರ್ಮಾನಕ್ಕೆ ಬರುವುದು ನನ್ನ ಹಳೆಯ ಚಟ. ದೇವದುರ್ಗದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಕಂಡದ್ದನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ಗೆರೆ ಎಳೆದು, ಕೋಷ್ಟಕ ಹಾಕಿ ಬರೆದಿಡುವುದು ನನಗೆ ಸಲೀಸು. ಮಾತಾಡಿದರೆ ಎದುರಿನವರು ಮರುಮಾತಾಡುತ್ತಾರೆ. ಕೋಷ್ಟಕಕ್ಕೆ ಆ ಅಭ್ಯಾಸವಿಲ್ಲ.

ಅಪ್ಪ ಮೂವತ್ತೊಂದು ವರ್ಷ ಸರಕಾರಿ ಬಸ್ಸು ಓಡಿಸಿದವನು. ಹೆಚ್ಚಿನ ಕಾಲ ಮಾನ್ವಿ ದಾರಿ, ಆಮೇಲೆ ದೇವದುರ್ಗದ ದಾರಿ. ಅವನ ಅಪ್ಪ ಕಂಡವರ ಹೊಲದಲ್ಲಿ ದುಡಿದವನು. ತಿಂಗಳ ಸಂಬಳ ಕಂಡವರಲ್ಲಿ ಅಪ್ಪನೇ ನಮ್ಮ ಮನೆಗೆ ಮೊದಲಿಗ. ನಿವೃತ್ತಿಯಾದ ಮರುವರ್ಷ ಲಕ್ವ ಹೊಡೆದು ಅವನ ಎಡಗಾಲು ಹಿಡಿತ ಕಳೆದುಕೊಂಡಿತು. ಮಾತು ಉಳಿಯಿತು, ಕೈ ಉಳಿಯಿತು, ಬಲಗಾಲು ಉಳಿಯಿತು. ಆದರೆ ಕ್ಲಚ್ ತುಳಿಯಲಾಗದ ಡ್ರೈವರನಿಗೆ ಉಳಿದದ್ದರ ಲೆಕ್ಕ ಯಾರು ಹೇಳಿದರೂ ಸಮಾಧಾನವಾಗಲಿಲ್ಲ. ನಾನು ನೌಕರಿಗೆ ಸೇರಿದ ಮೇಲೆ ಕ್ಲಚ್ಚೇ ಇಲ್ಲದ, ಗೇರನ್ನು ತಾನೇ ಬದಲಿಸಿಕೊಳ್ಳುವ ಹಳೆಯ ಕಾರೊಂದನ್ನು ಕೊಂಡೆವು. ಬಲಗಾಲೊಂದಿದ್ದರೆ ಸಾಕು, ಓಡಿಸಲಿ ಎಂದು ಡಾಕ್ಟರು ಬರೆದುಕೊಟ್ಟರು. ಅಂದಿನಿಂದ ಅಪ್ಪ ಪ್ರತಿ ಭಾನುವಾರ ಮಾನ್ವಿಯಲ್ಲಿರುವ ತನ್ನ ಅಕ್ಕನನ್ನು ನೋಡಲು ಹೋಗತೊಡಗಿದ. ಬಸ್ಸು ಓಡಿಸಿದ ದಾರಿಯಲ್ಲೇ, ಅದೇ ತಿರುವುಗಳಲ್ಲಿ, ಅದೇ ಹೋಟೆಲಿನ ಮುಂದೆ ನಿಲ್ಲಿಸಿ ಚಹಾ ಕುಡಿದು.

ಅವ್ವನಿಗೆ ಮಾತ್ರ ಕಾರಿನ ಮೇಲೆ ಅಂಥ ಗೌರವವಿಲ್ಲ. "ಗಾಡಿಗೆ ಕ್ಲಚ್ ಇಲ್ಲ, ಈ ಮನಿಷ್ಯಾಗ ತಾಳ್ಮಿ ಇಲ್ಲ. ಜೋಡಿ ಚಲೋ ಕೂಡ್ಯಾವ" ಎನ್ನುತ್ತಾಳೆ.

ಡಿಸೆಂಬರಿನಲ್ಲಿ ಕಾರು ಜಿಗಿಯತೊಡಗಿತು. ಎರಡನೆಯ ಗೇರಿನಿಂದ ಮೂರನೆಯದಕ್ಕೆ ಹೋಗಬೇಕಾದಲ್ಲಿ ಎಂಜಿನ್ ಒಂದು ಕ್ಷಣ ಸುಮ್ಮನೆ ಕೂಗಿಕೊಳ್ಳುವುದು, ಮರುಕ್ಷಣ ಹಿಂದಿನಿಂದ ಯಾರೋ ಒದ್ದಂತೆ ಗಾಡಿ ಮುಂದಕ್ಕೆ ನೆಗೆಯುವುದು. ಭಾನುವಾರ ಜೊತೆಗೆ ಹೋಗುವಾಗ ನಾನು ಪಕ್ಕದಲ್ಲಿ ಕುಳಿತು ಅಪ್ಪನ ಬಲಗಾಲನ್ನು ನೋಡುತ್ತಿದ್ದೆ. ಮನೆಗೆ ಬಂದು ಬರೆದಿಡುತ್ತಿದ್ದೆ: ವಾರ, ಹೊತ್ತು, ಊರು, ಎಷ್ಟು ಸಲ. ನಾಲ್ಕು ಭಾನುವಾರಗಳಲ್ಲಿ ಹನ್ನೊಂದು ಸಲ. ಎಲ್ಲವೂ ಮಾನ್ವಿಯಿಂದ ಮರಳುವಾಗ, ಮಧ್ಯಾಹ್ನ. ಅಪ್ಪ ದಣಿದಿರುತ್ತಾನೆ, ಕಾಲು ತಡೆದು ತುಳಿಯುತ್ತದೆ ಎಂದು ಕೊನೆಯ ಕಾಲಮ್ಮಿನಲ್ಲಿ ಬರೆದೆ. ಕಾಲಮ್ಮಿನ ಹೆಸರು "ಕಾರಣ".

ನ್ಯಾಯವಾಗಿರಬೇಕೆಂದು ನಾನೂ ಒಮ್ಮೆ ಓಡಿಸಿ ನೋಡಿದೆ. ಬೆಳಿಗ್ಗೆ ಆರೂವರೆಗೆ ಹೊರಟು, ಮಟಮಾರಿಯವರೆಗೆ ಹೋಗಿ ಬಂದೆ. ಗಾಡಿ ಒಮ್ಮೆಯೂ ಜಿಗಿಯಲಿಲ್ಲ. ನನ್ನ ಪಾಲಿಗೆ ಪ್ರಯೋಗ ಮುಗಿಯಿತು. ಚಾಲಕನನ್ನು ಬದಲಿಸುವಾಗ ಹೊತ್ತನ್ನೂ ಬದಲಿಸಿದ್ದೇನೆ ಎಂಬುದು ನನಗೆ ಹೊಳೆಯಲೇ ಇಲ್ಲ. ಎರಡನ್ನು ಒಟ್ಟಿಗೆ ಬದಲಿಸಬೇಡಿ ಎಂದು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಮೊದಲ ವಾರವೇ ಹೇಳುವವಳು ನಾನು.

ಮುಂದಿನ ಭಾನುವಾರ ಬಾಗಿಲ ಪಕ್ಕದ ಮೊಳೆಯ ಮೇಲಿರುತ್ತಿದ್ದ ಕೀಲಿಯನ್ನು ನನ್ನ ಚೀಲದಲ್ಲಿ ಹಾಕಿಕೊಂಡೆ. ಯಾರಿಗೂ ಏನೂ ಹೇಳಲಿಲ್ಲ. ಅಪ್ಪ ಮೊಳೆ ನೋಡಿದ, ನನ್ನನ್ನು ನೋಡಿದ. ಕೇಳಲಿಲ್ಲ. ಕೊಡೆಯನ್ನು ಕೋಲಿನಂತೆ ಊರಿಕೊಂಡು, ಎಡಗಾಲು ಎಳೆಯುತ್ತ ಬಸ್‌ಸ್ಟ್ಯಾಂಡಿಗೆ ನಡೆದ. ಮೂರು ಭಾನುವಾರ ಅವನು ಮಾನ್ವಿಗೆ ಬಸ್ಸಿನಲ್ಲಿ ಹೋಗಿ ಬಂದ, ಪ್ರಯಾಣಿಕರ ಸೀಟಿನಲ್ಲಿ ಕುಳಿತು.

ಒಂದು ಸಂಜೆ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದೆ. ಅಪ್ಪ ಕಬ್ಬಿಣದ ಕುರ್ಚಿಯ ಮೇಲೆ ನನಗೆ ಬೆನ್ನು ಮಾಡಿ ಕುಳಿತಿದ್ದ. ಅವನ ಮುಂದೆ ಒಂದು ಹಳೆಯ ಮಣೆ, ಇಟ್ಟಿಗೆಗೆ ಪೆಡಲಿನಂತೆ ಓರೆಯಾಗಿ ಒರಗಿಸಿದ್ದು. ಅದರಡಿ ಮಡಚಿದ ಗೋಣಿಚೀಲ. ಬಲಗಾಲಿನಿಂದ ಮಣೆಯನ್ನು ಮೆಲ್ಲಗೆ ಒತ್ತುತ್ತಿದ್ದ, ಮೆಲ್ಲಗೆ ಬಿಡುತ್ತಿದ್ದ. ಒತ್ತುವಾಗ ಎಣಿಸುತ್ತಿದ್ದ, ಬಿಡುವಾಗ ಎಣಿಸುತ್ತಿದ್ದ. ಐದಕ್ಕೆ ಬಂದಾಗ ಪಾದ ಎಷ್ಟು ಇಳಿದಿದೆ ಎಂದು ಬಾಗಿ ನೋಡಿಕೊಳ್ಳುತ್ತಿದ್ದ. ನಾನು ಬಟ್ಟೆಗಳನ್ನು ತಂತಿಯ ಮೇಲೇ ಬಿಟ್ಟು ಒಳಗೆ ಬಂದೆ. ಅದನ್ನು ಯಾವ ಕಾಲಮ್ಮಿನಲ್ಲೂ ಬರೆಯಲಿಲ್ಲ.

ದಿನವೂ ನಾನು ದೇವದುರ್ಗಕ್ಕೆ ಹೋಗುವುದು ಬಸ್ಸಿನಲ್ಲಿ. ಪರೀಕ್ಷೆಯ ಕೆಲಸವಿದ್ದ ಒಂದು ದಿನ ಬೇಗ ಮುಟ್ಟಬೇಕಾಗಿದ್ದರಿಂದ ಕಾರು ಒಯ್ದೆ. ಹೋಗುವಾಗ ತಕರಾರಿಲ್ಲ. ಮೂರು ಗಂಟೆಯ ಬಿಸಿಲಲ್ಲಿ ಮರಳುವಾಗ ಗಬ್ಬೂರಿನ ಹತ್ತಿರ ದಾರಿಯ ತುಂಬ ಕುರಿಹಿಂಡು. ಇಂಚಿಂಚೇ ಹೋಗುತ್ತ, ನಿಲ್ಲುತ್ತ, ಎಸಿ ಹಾಕಿಕೊಂಡು ಇಪ್ಪತ್ತು ನಿಮಿಷ ಕಳೆದೆ. ತಾಳ್ಮೆಗೆಟ್ಟು ಒಮ್ಮೆ ಹಾರ್ನ್ ಒತ್ತಿದೆ. ಕುರಿ ಕಾಯುವವನು ಕಿಟಕಿಯ ಹತ್ತಿರ ಬಂದು, "ಅಕ್ಕಾರ, ಹಾರ್ನ್ ಹೊಡೀಬ್ಯಾಡ್ರಿ, ಬೆದರ್ತಾವ. ಅವಕ್ಕೂ ಮನಿಗೆ ಹೋಗೋದದ" ಎಂದ. ನಾಚಿಕೆಯಾಯಿತು. ಕೊನೆಯ ಕುರಿ ದಾಟಿದ ಮೇಲೆ ಮೆಲ್ಲಗೆ ಹೊರಟೆ. ಒಂದು, ಎರಡು, ಆಮೇಲೆ ಎಂಜಿನ್ ಕೂಗಿತು, ಗಾಡಿ ನೆಗೆಯಿತು, ಬುದ್ಧ ಕಿತ್ತುಕೊಂಡು ಬಂದು ನನ್ನ ಮಡಿಲಲ್ಲಿ ಬಿದ್ದ.

ಗಾಡಿಯನ್ನು ಬದಿಗೆ ನಿಲ್ಲಿಸಿದೆ. ಪೆಡಲಿನ ಮೇಲಿದ್ದದ್ದು ನನ್ನ ಕಾಲು. ಅದಕ್ಕೆ ಯಾವ ಕಾಯಿಲೆಯೂ ಇಲ್ಲ.

ರಾಯಚೂರಿನಲ್ಲಿ ಹತ್ತಿ ಮಿಲ್ಲಿನ ಹಿಂದೆ ಕರೀಂ ಉಸ್ತಾದರ ಗ್ಯಾರೇಜು. ಇಂಥ ಗಾಡಿಗಳ ಗೇರು ಬಿಚ್ಚುವ ಧೈರ್ಯ ಊರಲ್ಲಿ ಅವರೊಬ್ಬರಿಗೇ ಎಂದು ಕೇಳಿದ್ದೆ. ನಾನು ಪಕ್ಕದ ಸೀಟಿನ ಬಾಗಿಲು ತೆರೆದರೆ ಅವರು ಹಿಂದಿನ ಸೀಟಿಗೆ ಹತ್ತಿ ಕಣ್ಣು ಮುಚ್ಚಿ ಕುಳಿತರು.

"ಮುಂದ ಬರ್ರಿ ಉಸ್ತಾದ್, ಅಲ್ಲಿ ಏನೂ ಕಾಣಂಗಿಲ್ಲ" ಎಂದೆ.

"ಅದಕ್ಕs ಹಿಂದ ಕುಂತೀನ್ರಿ ಮೇಡಂ. ಬಾಜೂಕ ಕುಂತೋರು ಡ್ರೈವರ್ ಕಾಲು ನೋಡ್ತಾರ, ಡ್ರೈವರ್‌ಂದs ತಪ್ಪು ಅಂತಾರ. ಡ್ರೈವರ್ ಗಾಡೀದು ತಪ್ಪು ಅಂತಾನ. ಹಿಂದಿಂದ ಯಾರ ಕಾಲೂ ಕಾಣಂಗಿಲ್ಲ. ನೀವು ಹೊಡೀರಿ, ಅದು ಏನಂತದ ಕೇಳೂಣು."

ಬಜಾರಿನ ಗದ್ದಲದಲ್ಲಿ ಅರ್ಧ ತಾಸು ಸುತ್ತಿಸಿದರು. ಸ್ಟೇಷನ್ ದಾಟಿದ ಮೇಲೆ ಗಾಡಿ ನೆಗೆಯಿತು. ಉಸ್ತಾದರು ಕಣ್ಣು ತೆರೆಯದೆ "ಹ್ಞಾಂ" ಎಂದರು, ಬಹಳ ದಿನಕ್ಕೆ ಸಿಕ್ಕವರ ದನಿ ಗುರುತಿಸಿದ ಹಾಗೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಚ್ಚಿದಾಗ, ಗೇರು ಬದಲಿಸುವ ಒಂದು ಸೊಲೆನಾಯ್ಡಿನ ಹೆಸರು ಬಂತು. ಹಾಗಾದರೆ ಅದನ್ನೇ ಬದಲಿಸಿ ಎಂದೆ.

"ಗಡಿಬಿಡಿ ಮಾಡಬ್ಯಾಡ್ರಿ. ಯಾರ ಮನಿಯಾಗ ಅಳಾಕತ್ತಾರ ಅಂತ ಇದು ಹೇಳ್ತದ. ಯಾಕ ಅಳಾಕತ್ತಾರ ಅಂತ ನಾವs ಹೋಗಿ ಕೇಳ್ಬೇಕು."

ಅಲ್ಲಿಂದ ಮುಂದೆ ಅವರು ಮಾಡಿದ್ದನ್ನು ನೋಡುತ್ತ ನನ್ನ ಎಂ.ಎಸ್ಸಿ.ಯ ಬಗ್ಗೆ ನನಗಿದ್ದ ಅಭಿಮಾನ ಕೊಂಚ ಕಡಿಮೆಯಾಯಿತು. ಗೇರ್‌ಬಾಕ್ಸಿನ ಪಕ್ಕದ ಪ್ಲಗ್ಗು ಕಳಚಿ, ತಂತಿಯ ತಡೆ ಅಳೆಯುವ ಮೀಟರ್ ಹಿಡಿದರು. ಬಿಸಿಯಾಗಿದ್ದ ಗಾಡಿಯಲ್ಲಿ ಅಂಕಿ ಮಿಣುಕಿ ಮಿಣುಕಿ ಮಾಯವಾಯಿತು. ರಾತ್ರಿಯಿಡೀ ತಣಿಯಲು ಬಿಟ್ಟು ಮರುದಿನ ಹಿಡಿದರು. ಹದಿನಾಲ್ಕು ಓಮ್, ಇರಬೇಕಾದಷ್ಟೇ, ಅಲುಗಾಡದ ಅಂಕಿ. ಗಾಡಿಯ ಕಂಪ್ಯೂಟರಿನಿಂದ ಬರುವ ತಂತಿಗಳನ್ನು ಬೇರೆಯಾಗಿ ನೋಡಿದರು. ಅವು ಎರಡು ಸಲವೂ ಸರಿಯಿದ್ದವು. ಒಮ್ಮೆಗೆ ಒಂದನ್ನೇ ಬದಲಿಸಿದರು. ಯಾವ ಕಾಲೇಜಿನಲ್ಲೂ ಕಲಿಯದೆ.

ಸೊಲೆನಾಯ್ಡ್ ಅಂದರೆ ದೊಡ್ಡದೇನಲ್ಲ. ತಂತಿಯ ಸುರುಳಿ, ನಡುವೆ ಒಂದು ಕಬ್ಬಿಣದ ಕಡ್ಡಿ. ಕರೆಂಟು ಬಂದರೆ ಕಡ್ಡಿ ಒಂದು ಅಕ್ಕಿಕಾಳಿನಷ್ಟು ಸರಿಯುತ್ತದೆ, ಎಣ್ಣೆಗೆ ದಾರಿ ಸಿಗುತ್ತದೆ, ಗೇರು ಬದಲಾಗುತ್ತದೆ. ನಮ್ಮ ಸುರುಳಿಯ ಒಳಗೆಲ್ಲೋ ಕೂದಲೆಳೆಯ ತಂತಿ ತುಂಡಾಗಿತ್ತು. ತಣ್ಣಗಿದ್ದಾಗ ಎರಡು ತುದಿಗಳೂ ಒಂದಕ್ಕೊಂದು ತಾಗಿಕೊಂಡಿರುತ್ತಿದ್ದವು, ಕಾವೇರಿದಾಗ ದೂರವಾಗುತ್ತಿದ್ದವು. ಹೀಗಾಗಿ ಬೆಳಗಿನ ತಂಪಿನಲ್ಲಿ ಪರೀಕ್ಷಿಸಿದವರಿಗೆ ಅದು ಸದಾ ಆರೋಗ್ಯವಂತ. ದುಡಿಸಿಕೊಂಡವರಿಗಷ್ಟೇ ಅದರ ಕಾಯಿಲೆ ಗೊತ್ತು. ಇಂಥವರನ್ನು ಮನುಷ್ಯರಲ್ಲೂ ಕಂಡಿದ್ದೇನೆ. ನಾನೇ ಒಬ್ಬಳಿರಬಹುದು, ತಣ್ಣಗೆ ಇರುವಷ್ಟು ಹೊತ್ತು ನನ್ನಲ್ಲೂ ಯಾವ ದೋಷವೂ ಕಾಣುವುದಿಲ್ಲ.

ಹೊಸ ಸೊಲೆನಾಯ್ಡ್ ಹೈದರಾಬಾದಿನಿಂದ ಬಂದದ್ದು ಶನಿವಾರ. ಉಸ್ತಾದರು ಗೇರ್‌ಬಾಕ್ಸಿನ ಎಣ್ಣೆ ಇಳಿಸಿದರು; ಕೆಂಪಗಿರಬೇಕಾದದ್ದು ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಕೆಳಗಿನ ತಟ್ಟೆ ಬಿಚ್ಚಿ, ಅದರೊಳಗಿನ ಅಯಸ್ಕಾಂತಕ್ಕೆ ಮೆತ್ತಿದ್ದ ಬೂದು ರಾಡಿಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿದರು. "ಚೂರು ಇಲ್ಲ, ಬರೇ ಹಿಟ್ಟು. ಒಳಗಿನ ಗೇರು ಮುರದಿಲ್ಲ, ಎಲ್ಲಾ ಸಹಿ ಅದ" ಎಂದರು. ಎರಡು ಬೋಲ್ಟು ತೆಗೆದು ಹಳೆಯದನ್ನು ಎಳೆದರು. ಹೊಸದರ ರಬ್ಬರ್ ಬಳೆಗೆ ಎಣ್ಣೆ ಸವರಿ ಹೆಬ್ಬೆರಳಿನಿಂದ ಒತ್ತಿ ಕೂಡಿಸಿದರು. ಹೊಸ ಎಣ್ಣೆ ಹಾಕಿ, ಎಂಜಿನ್ ಬಿಸಿಮಾಡಿ, ಕಡ್ಡಿ ಅದ್ದಿ ಅಳತೆ ನೋಡಿದರು. ಆಮೇಲೆ ಮತ್ತೆ ಅವರು ಹಿಂದೆ, ನಾನು ಮುಂದೆ, ಅದೇ ಬಜಾರು. ಮೂರನೆಯ ಗೇರು ಬಂದದ್ದು ನನಗೆ ಗೊತ್ತೇ ಆಗಲಿಲ್ಲ. ಇಳಿಯುವಾಗ ಹಳೆಯ ಸೊಲೆನಾಯ್ಡನ್ನು ಪೇಪರಿನಲ್ಲಿ ಸುತ್ತಿ ಕೊಟ್ಟು, "ಮನಿಯಾಗ ತೋರಸ್ರಿ" ಎಂದರು. ತೆಗೆದ ಸಾಮಾನನ್ನು ಯಜಮಾನರ ಕೈಗೇ ಕೊಡುವುದು ಅವರ ಪದ್ಧತಿ.

ತೋರಿಸದಿರಬಹುದಿತ್ತು. ಕೀಲಿಯನ್ನು ಸದ್ದಿಲ್ಲದೆ ತೆಗೆದವಳಿಗೆ ಸದ್ದಿಲ್ಲದೆ ಮರಳಿ ಇಡುವುದು ಕಷ್ಟವೇನಲ್ಲ. ಅಪ್ಪ ಆಗಲೂ ಕೇಳುತ್ತಿರಲಿಲ್ಲ. ಆದರೆ ಹಿತ್ತಲಿನ ಮಣೆ ಇಟ್ಟಿಗೆಗೆ ಒರಗಿಕೊಂಡೇ ಇತ್ತು. ನಾನು ಹೇಳದಿದ್ದರೆ ಅವನು ಅದನ್ನು ಒತ್ತುತ್ತಲೇ ಇರುತ್ತಿದ್ದ.

ಅಂದು ಸಂಜೆ ಅವನ ಅಂಗೈಯಲ್ಲಿ ಆ ಪೊಟ್ಟಣ ಇಟ್ಟೆ. "ಯಪ್ಪಾ, ತಪ್ಪು ಇದರದು. ನಿನ್ನ ಕಾಲಿಂದಲ್ಲ. ನಾ ಕಾಲು ಅಂದ್ಕೊಂಡಿದ್ದೆ."

ಅಪ್ಪ ಪೇಪರ್ ಬಿಚ್ಚಿದ. ಹೆಬ್ಬೆರಳಿನಷ್ಟೇ ಇದ್ದ ವಸ್ತು. ತಿರುಗಿಸಿ ತಿರುಗಿಸಿ ನೋಡಿದ. "ಇಷ್ಟs?" ಎಂದ. ಅದನ್ನು ಮತ್ತೆ ಪೇಪರಿನಲ್ಲಿ ಸುತ್ತುತ್ತ ಹೇಳಿದ.

"ಡಿಪೋದಾಗ ನನಗ ಮೂರು ಸಲ ಮೆಮೋ ಕೊಟ್ಟಾರ. ಮೂರೂ ಸಲ, ಏನಪಾ ನಿನ್ನ ಹೇಳಿಕಿ ಏನು, ಬರದು ಕೊಡು ಅಂದ್ರು. ನೀ ಅಷ್ಟೂ ಕೇಳ್ಲಿಲ್ಲಲ್ಲ ಯವ್ವಾ."

"ಕೇಳಿದ್ರ ಏನು ಹೇಳ್ತಿದ್ದೆ?" ಎಂದಳು ಅವ್ವ, ಒಳಗಿನಿಂದ.

"ಏನಂತ ಹೇಳ್ಲಿ? ಬಾಜೂಕ ಕುಂತು ಆಕಿ ಕಾಲು ನೋಡೋದು ಕಂಡು, ನನ್ನ ಕಾಲs ಅಂತ ನಾನೂ ನಂಬಿಬಿಟ್ಟಿದ್ದೆ. ಆಕಿ ಓದಿದಾಕಿ."

ಆ ಮಾತಿಗಿಂತ ಅವನು ಬೈದಿದ್ದರೆ ಚೆನ್ನಾಗಿತ್ತು. ರಾತ್ರಿ ನೋಟ್‌ಬುಕ್ಕಿನ ಆ ಹಾಳೆಯನ್ನು ಹರಿದುಹಾಕಬೇಕೆನಿಸಿತು. ಹರಿಯಲಿಲ್ಲ. ತಪ್ಪಾದ ಅಳತೆಯನ್ನು ಅಳಿಸಬೇಡಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ, ಕೆಳಗಿನದು ಕಾಣುವಂತಿರಲಿ ಎಂದು ಮಕ್ಕಳಿಗೆ ಹೇಳುತ್ತೇನಲ್ಲ. ಕಾರಣದ ಕಾಲಮ್ಮಿನ ಹನ್ನೊಂದು ಸಾಲಿಗೂ ಒಂದೊಂದು ಗೆರೆ ಎಳೆದು, ಪಕ್ಕದಲ್ಲಿ ಸೊಲೆನಾಯ್ಡ್ ಎಂದು ಬರೆದೆ.

ಮರುದಿನ ಭಾನುವಾರ. ಅಪ್ಪ ಏಳುವ ಮೊದಲೇ ಕೀಲಿಯನ್ನು ಮೊಳೆಗೆ ಹಾಕಿ, ಬುದ್ಧನನ್ನು ಆ ದುಂಡನೆಯ ಗುರುತಿನ ಮೇಲೆ ಹೊಸ ಅಂಟು ಹಚ್ಚಿ ಕೂಡಿಸಿದೆ. ಚಹಾ ಕುಡಿದು, ಇಸ್ತ್ರಿ ಅಂಗಿ ಹಾಕಿಕೊಂಡು ಬಂದ ಅಪ್ಪ ಮೊಳೆ ನೋಡಿದ. ಆಮೇಲೆ ಕೀಲಿ ತೆಗೆದುಕೊಂಡು ನಡೆದ. ಪಕ್ಕದ ಸೀಟಿನಲ್ಲಿ ಅವ್ವನನ್ನು ಕೂಡಿಸಿ, ನಾನು ಹಿಂದೆ, ಅಪ್ಪನ ಬೆನ್ನಿಗೆ ನೇರವಾಗಿ ಕುಳಿತೆ. ಅಲ್ಲಿಂದ ಅವನ ಕಾಲು ಕಾಣುವುದಿಲ್ಲ. ಮಾನ್ವಿ ಮುಟ್ಟುವವರೆಗೆ, ಮತ್ತೆ ಮಧ್ಯಾಹ್ನ ಅಲ್ಲಿಂದ ಮರಳುವಾಗಲೂ, ನಾನು ಅಲ್ಲೇ ಕುಳಿತಿದ್ದೆ.