ಆಮ್ಲಕ್ಕೆ ಹೊಟ್ಟು ಹಾಕಬೇಡ ಎಂದವರು

ಪ್ರಯೋಗಾಲಯದ ಕೀರ್ತಿ ಸಂಶೋಧಕರ ಹೆಸರಿನಲ್ಲಿ ಉಳಿಯುತ್ತದೆ; ಪ್ರಯೋಗಾಲಯವೇ ಸುಟ್ಟುಹೋಗದೆ ಉಳಿಯುವುದು ಉಗ್ರಾಣ ನೋಡಿಕೊಳ್ಳುವವರಿಂದ. ಮೂವತ್ತೊಂದು ವರ್ಷ ನಮ್ಮ ರಾಸಾಯನಿಕ ಉಗ್ರಾಣವನ್ನು ಕಾಪಾಡಿ ಈ ತಿಂಗಳು ನಿವೃತ್ತರಾಗುತ್ತಿರುವ, ಮರಳಿನ ಬಕೆಟ್ ಪಕ್ಕದಲ್ಲಿಲ್ಲದೆ ಕಪಾಟು ತೆರೆಯದ ಕಾರಣ ಎಲ್ಲರ ಬಾಯಲ್ಲೂ 'ಮರಳಕ್ಕ' ಆಗಿಹೋದ ಹಿರಿಯರ ಬಗ್ಗೆ, ಏಳನೇ ತರಗತಿಗೇ ಶಾಲೆ ಬಿಟ್ಟ ನಾನು ಬರೆಯುತ್ತಿದ್ದೇನೆ. ಅವರ ಬೀಳ್ಕೊಡುಗೆಗೆ ತಂದ ಈ ಸಂಪುಟದ ತುಂಬ ಡಾಕ್ಟರೇಟ್ ಪಡೆದವರಿದ್ದಾರೆ. ಇರಲಿ, ಅವರಾರೂ ಆ ದಿನ ಕಪಾಟಿನ ಹತ್ತಿರ ಇರಲಿಲ್ಲ.

ನಾನು ಸಹಾಯಕನಾಗಿ ಸೇರಿದ ಮೂರನೇ ತಿಂಗಳು. ಬೆಳಿಗ್ಗೆ ಕಪಾಟು ತೆರೆದರೆ ಒಂದು ಬಾಟಲಿಯ ಮುಚ್ಚಳ ಸೀಳಿಹೋಗಿ, ಕೆಳಗಿನ ಖಾನೆಯಲ್ಲಿ ನೈಟ್ರಿಕ್ ಆಮ್ಲ ಹರಡಿತ್ತು. ಏನೇ ಚೆಲ್ಲಿದರೂ ಮರದ ಹೊಟ್ಟು ಸುರಿಯಬೇಕೆಂದು ವಿಭಾಗದ ಮುಖ್ಯಸ್ಥರ ಅಪ್ಪಣೆಯಿತ್ತು. ಚೀಲ ಎತ್ತಿದೆ. ಹಿಂದಿನಿಂದ ಮರಳಕ್ಕ ಕೂಗಿದರು.

"ಏಯ್, ಇಳಿಸೋ ಅದನ್ನ! ಆ ಆಸಿಡ್ಡಿಗೆ ಬಿದ್ರೆ ಹೊಟ್ಟು ನಿನಗಿಂತ ಬೇಗ ಹತ್ಕೊಂಡು ಉರಿಯತ್ತೆ!"

"ಸರ್ರೇ ಹೇಳಿದ್ದು ಅಕ್ಕಾ!"

"ಹಾಗಾದ್ರೆ ಸರ್ರೇ ಬಂದು ಸುರೀಲಿ. ನೀನು ಎಲ್ರನ್ನೂ ಆಚೆ ಕಳಿಸು."

ಕೋಣೆ ಖಾಲಿ ಮಾಡಿಸಿ, ಹೊಗೆ ಎಳೆಯುವ ಫ್ಯಾನ್ ಹಾಕಿಸಿ, ಇಬ್ಬರಿಗೂ ಕನ್ನಡಕ, ಮುಖವಾಡ, ಉದ್ದನೆಯ ಕೈಗವಸು ಆದ ಮೇಲೆಯೇ ಅವರು ಆಮ್ಲದ ಸುತ್ತ ಒಣಮರಳಿನ ಕಟ್ಟೆ ಕಟ್ಟಿದರು. ಆಮೇಲೆ ಸೋಡಾ ಪುಡಿ, ಅಂಚಿನಿಂದ ನಡುವಿಗೆ, ಚಮಚ ಚಮಚವಾಗಿ.

"ಬೇಗ ಮುಗಿಸಿ ಅಕ್ಕಾ."

"ಇದೂ ನಿನ್ನ ಥರಾನೇ ಕಣೋ. ಬುಸುಗುಟ್ಟೋದು ನಿಲ್ಲೋವರೆಗೂ ಮುಟ್ಟಬಾರದು."

ನೊರೆ ಪೂರ್ತಿ ನಿಂತ ಮೇಲೆ ಪ್ಲಾಸ್ಟಿಕ್ ಮೊರದಲ್ಲಿ ಬಾಚಿ, ಚೀಟಿ ಅಂಟಿಸಿದ ಡಬ್ಬಕ್ಕೆ ತುಂಬಿದೆವು.

ಆಮ್ಲ ಚೆಲ್ಲಿದ್ದರ ವಿಚಾರಣೆಯಲ್ಲಿ ಮುಖ್ಯಸ್ಥರು "ಓದಿಲ್ಲದವನ ಅಜಾಗರೂಕತೆ" ಎಂದು ಬರೆಯತೊಡಗಿದರು. ನನ್ನ ಕೆಲಸ ಹೋಗುವುದರಲ್ಲಿತ್ತು. ಬಾಯಿ ತೆರೆದಿದ್ದರೆ ಬೈಗುಳವೇ ಬರುತ್ತಿತ್ತು. ಮರಳಕ್ಕ ಎದ್ದು ನಿಂತರು.

"ಹೊಟ್ಟಿನ ಚೀಲ ಇಡಿಸಿದ್ದು ನೀವು ಸರ್. ಬೇಡ ಅನ್ನದೆ ಸುಮ್ಮನಿದ್ದದ್ದು ನಾನು. ಹೇಳಿಕೊಡದೆ ಇವನನ್ನ ಕಪಾಟಿಗೆ ಬಿಟ್ಟಿದ್ದೂ ನಾನೇ. ಬರೆಯೋದಾದ್ರೆ ನಮ್ಮಿಬ್ಬರ ಹೆಸರು ಬರೀರಿ."

ಪೆನ್ನು ನಿಂತಿತು. ನನ್ನ ಕೆಲಸ ಉಳಿಯಿತು. ಮರಳಕ್ಕನ ಬಡ್ತಿ ಎರಡು ವರ್ಷ ಮುಂದಕ್ಕೆ ಹೋಯಿತು. ಬೇರೆ ಲೇಖನಗಳಲ್ಲಿ ಈ ಮಾತು ಇರಲಾರದು. ಅದಕ್ಕೇ ಇಲ್ಲಿ ಬರೆದಿದ್ದೇನೆ.

ಆಮೇಲಿನ ಆರು ವರ್ಷ ಅವರು ಮಧ್ಯಾಹ್ನದ ಬಿಡುವಿನಲ್ಲಿ ನನ್ನಿಂದ ಒಂದೊಂದೇ ಬಾಟಲಿಯ ಚೀಟಿ ಓದಿಸಿದರು; ಯಾವುದು ಯಾವುದರ ಪಕ್ಕ ಕೂರಬಾರದೆಂಬುದನ್ನು ನೆಂಟರ ಜಗಳ ಹೇಳುವ ಹಾಗೆ ಹೇಳಿಕೊಟ್ಟರು.

ಮರಳಕ್ಕನಿಗೆ ನೂರು ವರ್ಷ ಆಯಸ್ಸಿರಲಿ, ಕೈ ನಡುಗದಿರಲಿ, ದನಿ ಇಳಿಯದಿರಲಿ. ಹೊಸಬರಿಗೆ ಪಾಠ ಹೇಳಲು ಅವರು ಬರುತ್ತಿರಬೇಕು; ವಿಭಾಗ ಕರೆಯದಿದ್ದರೆ ನಾನು ಕರೆಯುತ್ತೇನೆ. ಸೋಮವಾರದಿಂದ ಉಗ್ರಾಣ ನನ್ನ ಪಾಲಿಗೆ ಬರುತ್ತದೆ. ಅಲ್ಲಿ ಯಾರ ಕೈಯಿಂದ ಏನು ಚೆಲ್ಲಿದರೂ, ವರದಿಯಲ್ಲಿ ಮೊದಲು ಬರೆಯುವ ಹೆಸರು ನನ್ನದು.