ಎಣ್ಣೆ ಮೈಯಲ್ಲಿ ತಪಾಸಣೆಗೆ ಹೋದ ದಿನ

೧೯೮೭ರ ಮಾತು. ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಹನ್ನೆರಡು ವರ್ಷ ಫಿಟ್ಟರ್ ಆಗಿ ದುಡಿದ ಮೇಲೆ ನನಗೆ ಸೂಪರ್‌ವೈಸರ್ ಆಗಿ ಬಡ್ತಿ ಬಂತು. ಆದರೆ ಸಾಹೇಬರುಗಳಿಗೆ ಮಾಡುವ ಪೂರ್ತಿ ದೇಹದ ತಪಾಸಣೆಯಲ್ಲಿ ಪಾಸಾದರೆ ಮಾತ್ರ ಆ ಕುರ್ಚಿ. ರಕ್ತ, ಮೂತ್ರ, ಎಕ್ಸ್‌ರೇ, ಇಸಿಜಿ, ಒಂದೂ ಬಿಡುವಂತಿಲ್ಲ. ಕೆಲಸಕ್ಕೆ ಸೇರುವಾಗ ಎತ್ತರ, ತೂಕ, ಕಣ್ಣು ನೋಡಿ ಕಳಿಸಿದ್ದರು, ಅಷ್ಟೇ. ಜ್ವರ ಬಂದರೆ ಕಷಾಯ ಕುಡಿದು ಮಲಗುವ ಆಸಾಮಿ ನಾನು.

ನಮ್ಮದು ಬೇತಮಂಗಲದ ಹತ್ತಿರ ಒಂದು ಹಳ್ಳಿ. ಮನೆಯಲ್ಲಿ ನಾನು, ಹೆಂಡತಿ, ಅಮ್ಮ, ಎರಡು ಸೀಮೆಹಸು. ತಪಾಸಣೆಯ ಸುದ್ದಿ ಕೇಳಿದಾಗಿನಿಂದ ಅಮ್ಮನ ಮುಖವೇ ಸರಿಯಿರಲಿಲ್ಲ.

"ಗಟ್ಟಿಮುಟ್ಟಾಗಿರೋನ್ನ ಯಾಕ್ಲಾ ತಡಕಾಡ್ತಾರೆ? ಬ್ಯಾಡ ಅನ್ಬುಡು," ಅಂದಳು.

"ತಪಾಸಣೆ ಬ್ಯಾಡ ಅಂದ್ರೆ ಬಡ್ತಿನೂ ಬ್ಯಾಡ ಅಂದಂಗೆ ಕಣಮ್ಮಾ," ಅಂದೆ. ಅವಳು ಎದ್ದು ಕೊಟ್ಟಿಗೆಗೆ ಹೋದಳು.

ಹಿಂದಿನ ರಾತ್ರಿ ಎಂಟರ ಮೇಲೆ ನೀರು ಬಿಟ್ಟು ಏನೂ ಮುಟ್ಟಬಾರದು ಎಂದು ಆಸ್ಪತ್ರೆಯವರ ಚೀಟಿಯಲ್ಲಿತ್ತು. ಅದನ್ನು ಚಾಚೂ ತಪ್ಪದೆ ಪಾಲಿಸಿದೆ. ಬೆಳಿಗ್ಗೆ ಎದ್ದರೆ ಅಮ್ಮ ಹರಳೆಣ್ಣೆ ಬಟ್ಟಲು ಹಿಡಿದು ನಿಂತಿದ್ದಾಳೆ! ದೊಡ್ಡ ಕೆಲಸಕ್ಕೆ ಹೊರಡುವವನು ಎಣ್ಣೆನೀರು ಹಾಕಿಕೊಳ್ಳದೆ ಹೊಸಿಲು ದಾಟಬಾರದು ಅನ್ನುವುದು ಅವಳ ಶಾಸ್ತ್ರ. ನನಗೆ ಮದುವೆಯಾಗಿ ಎಷ್ಟೋ ವರ್ಷವಾದರೂ ಹಬ್ಬಹುಣ್ಣಿಮೆಗೆ ಎಣ್ಣೆ ಹಚ್ಚುವವಳು ಅಮ್ಮನೇ. ಹೆಂಡತಿಗೆ ಬಿಟ್ಟುಕೊಟ್ಟವಳಲ್ಲ. ಚೀಟಿಯಲ್ಲಿ ಎಣ್ಣೆ ಹಚ್ಚಬಾರದು ಅಂತೇನೂ ಇರಲಿಲ್ಲವಲ್ಲ, ಸುಮ್ಮನೆ ಕೂತೆ. ಬಸ್ಸಿನ ಹೊತ್ತಾಯಿತೆಂದು ಸೀಗೆಪುಡಿ ಸರಿಯಾಗಿ ಉಜ್ಜದೆ, ಜಿಡ್ಡು ಮೈಯಲ್ಲೇ ರಾಬರ್ಟ್‌ಸನ್‌ಪೇಟೆಯ ಬಸ್ಸು ಹತ್ತಿದೆ.

ಅಲ್ಲಿನ ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವವನು ಒಬ್ಬ ತೆಳ್ಳನೆಯ ತಮಿಳ. ರಬ್ಬರ್ ಬುರುಡೆಯ ಬಟ್ಟಲುಗಳನ್ನು ಎದೆಗೆ ಒತ್ತುತ್ತಾನೆ, ಅವು ಪುಳಕ್ಕನೆ ಜಾರಿ ಬೀಳುತ್ತವೆ.

"ಎನ್ನ ಸಾರ್ ಇದು! ತಪಾಸಣೆಗೆ ಬಂದ್ರಾ, ದೀಪಾವಳಿಗೆ ಬಂದ್ರಾ?" ಅಂದ. ಸಾಲಿನಲ್ಲಿ ಕೂತವರೆಲ್ಲ ಗೊಳ್ಳೆಂದು ನಕ್ಕರು. ನನಗೋ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸ್ಪಿರಿಟ್ ಹಾಕಿ ಎದೆ ಒರೆಸಿ ಮತ್ತೆ ಬಟ್ಟಲು ಅಂಟಿಸಿದ. ಕಾಗದದ ಪಟ್ಟಿ ಹೊರಗೆ ಬಂತು. ಅದನ್ನು ನೋಡಿ, "ಎಲ್ಲಾ ಉಲ್ಟಾ ಬತ್ತದೆ. ಎಣ್ಣೆದೇ ಕಿತಾಪತಿ," ಎಂದು ಗೊಣಗಿದ. ಮತ್ತೆ ಒರೆಸಿದ, ವೈರುಗಳನ್ನು ಬಿಚ್ಚಿ ಪುನಃ ಹಾಕಿದ. ಮೂರನೆಯ ಪಟ್ಟಿ ನೋಡಿದ ಮೇಲೆ ಅವನ ನಗು ಹಾರಿಹೋಯಿತು. "ಏಳ್ಬೇಡಿ ಸಾರ್, ಅಂಗೇ ಮಲ್ಗಿರಿ," ಎಂದವನೇ ಡಾಕ್ಟರನ್ನು ಕರೆಯಲು ಓಡಿದ. ಬಡ್ತಿ ಹಾಳಾಗಲಿ, ಜೀವ ಉಳಿದರೆ ಸಾಕಪ್ಪ ದೇವರೇ ಅಂದುಕೊಂಡೆ.

ಡಾಕ್ಟರಮ್ಮ ಬಂದರು. "ಎದೆನೋವು ಬರ್ತದಾ? ಮೆಟ್ಟಿಲು ಹತ್ತಿದ್ರೆ ಉಸಿರು ಕಟ್ಟುತ್ತಾ?"

"ಇಲ್ಲ ಮೇಡಂ. ರಾಗಿಮೂಟೆ ಹೊತ್ಕೊಂಡು ಅಟ್ಟ ಹತ್ತುತೀನಿ."

ಸ್ಟೆತಾಸ್ಕೋಪನ್ನು ಎಡ ಎದೆಗಿಟ್ಟು ಹುಬ್ಬು ಗಂಟು ಹಾಕಿದರು. ಅಲ್ಲಿಂದ ನಡುವಿಗೆ, ನಡುವಿನಿಂದ ಬಲಕ್ಕೆ ಮೆಲ್ಲಗೆ ಸರಿಸಿದರು. ಅಲ್ಲಿ ಕೈ ನಿಂತುಬಿಟ್ಟಿತು. ನನ್ನನ್ನು ಎಕ್ಸ್‌ರೇಗೆ ಕಳಿಸಿದರು. ಒಂದು ಗಂಟೆಯ ನಂತರ ಆ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ನನ್ನನ್ನು ಹತ್ತಿರ ಕರೆದರು.

"ಗಾಬರಿಯಾಗಬೇಡಿ. ನಿಮ್ಮ ಹೃದಯ ಇರೋದು ಬಲಗಡೆ. ಲಿವರ್ ಎಡಗಡೆ. ಒಳಗಿರೋದೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಅದಲುಬದಲು. ಹುಟ್ಟಿನಿಂದಲೇ ಹೀಗೆ. ಇದನ್ನ ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡಿದ್ದು ಇವತ್ತೇ!"

ವೈರುಗಳನ್ನು ಬಲಗಡೆಗೆ ಹಾಕಿಸಿದರು. ಈ ಸಲ ಪಟ್ಟಿ ಸರಿಯಾಗಿ ಬಂತು. ಆಮೇಲೆ ಡಾಕ್ಟರಮ್ಮ ಸ್ಟೆತಾಸ್ಕೋಪನ್ನು ನನ್ನ ಕಿವಿಗೇ ಸಿಕ್ಕಿಸಿದರು. ಲಬ್ ಡಬ್, ಲಬ್ ಡಬ್. ಮೂವತ್ತೈದು ವರ್ಷ ನಾನು ಒಂದು ದಿನವೂ ವಿಚಾರಿಸಿಕೊಳ್ಳದಿದ್ದರೂ ಅದು ತನ್ನ ಪಾಡಿಗೆ ದುಡಿಯುತ್ತಲೇ ಇತ್ತು. ನನ್ನೊಳಗೆ ಇಂಥದ್ದೊಂದು ವಿಸ್ಮಯವಿದೆಯೇ! ಮೈ ಜುಮ್ಮೆಂದಿತು. ತಮಿಳಣ್ಣ ಕೈಮುಗಿದು, "ಪಾಪ, ಸುಮ್ನೆ ಎಣ್ಣೆನ ಬೈದ್ಬುಟ್ಟೆ ಸಾರ್," ಅಂದ. ಯಾವ ಆಸ್ಪತ್ರೆಗೆ ಹೋದರೂ ಮೊದಲು ಈ ವಿಷಯ ತಿಳಿಸಬೇಕೆಂದು ಹೇಳಿ ಡಾಕ್ಟರಮ್ಮ ಫಿಟ್ ಎಂದು ಬರೆದುಕೊಟ್ಟರು.

ಮನೆಗೆ ಬಂದಾಗ ಅಮ್ಮ ಜಗಲಿಯ ಮೇಲೆ ಕೂತಿದ್ದಳು. "ನೀವು ಆಸ್ಪತ್ರೆಗೆ ಓದಾಗಿಂದ ಅತ್ತೆ ಗುಟುಕು ನೀರೂ ಮುಟ್ಟಿಲ್ಲ ಕಣ್ರಿ," ಅಂದಳು ಹೆಂಡತಿ.

"ಅಮ್ಮಾ, ಪಾಸು! ಒಂದ್ ತಮಾಷೆ ಗೊತ್ತಾ? ನನ್ನ ಹೃದಯ ಬಲಗಡೆ ಬಡೀತದಂತೆ!"

ಅಮ್ಮ ಬೆಚ್ಚಲಿಲ್ಲ. "ನಂಗೊತ್ತು ಕಣ್ಲಾ," ಅಂದಳು.

"ಅದೆಂಗಮ್ಮಾ?" ಅಂದೆ.

"ಅಸುಗೂಸಿಂದ ಕಾಲ್ಮ್ಯಾಲೆ ಆಕ್ಕೊಂಡು ಎಣ್ಣೆ ತಿಕ್ಕಿದೋಳು ನಾನು. ಅಂಗೈಗೆ ಗೊತ್ತಾಗಲ್ವಾ? ಸೂಲಗಿತ್ತಿ ಕೈಯಿಟ್ಟು ನೋಡಿ, ಈ ಕೂಸು ದಕ್ಕಲ್ಲ ಕಣಮ್ಮಿ ಅಂದ್ಲು. ನಿಮ್ಮಪ್ಪಂಗೂ ಏಳ್ಲಿಲ್ಲ ನಾನು. ಜನಕ್ಕೆ ಗೊತ್ತಾದ್ರೆ ನಿಂಗೆ ಎಣ್ಣು ಕೊಡ್ತಿದ್ರಾ? ನೀನು ದೊಡ್ಡೋನಾದ್ಮ್ಯಾಲೆ ಸುಮ್ಸುಮ್ನೆ ಎದೆ ಮುಟ್ಟಿ ನೋಡಾಕಾಗ್ತದಾ? ಅದ್ಕೇ ಅಬ್ಬ ಬಂದಾಗೆಲ್ಲ ನಾನೇ ಎಣ್ಣೆ ಅಚ್ತಿದ್ದೆ. ಬಡೀತಾ ಅದಾ ಇಲ್ವಾ ಅಂತ." ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು: "ನಿಲ್ಲಲ್ಲ ಅಂದ್ರಾ ಡಾಕ್ಟ್ರು?"

"ಎಲ್ಲಾರ ತರಾನೇ ಓಡ್ತದೆ ಅಂದ್ರು ಅಮ್ಮಾ."

"ಮುದ್ದೆ ಇಕ್ಕಮ್ಮಿ, ಅಸಿವಾಗ್ತದೆ," ಎಂದಳು ಸೊಸೆಗೆ.

ಡಾಕ್ಟರಿಗೆ ಅಷ್ಟು ಯಂತ್ರಗಳು ತೋರಿಸಿದ್ದನ್ನು ಓದುಬರಹ ಬಾರದ ನನ್ನಮ್ಮ ಅಂಗೈಯಲ್ಲೇ ಕಂಡುಕೊಂಡಿದ್ದಳು. ಆ ಭಯವನ್ನು ಅಷ್ಟು ವರ್ಷ ಒಬ್ಬಳೇ ಹೊತ್ತಳಲ್ಲ, ಎಂಥ ಹೆಂಗಸಪ್ಪಾ!

ಆಮೇಲೆ ಬಂದ ಯುಗಾದಿಯಂದು ಅಮ್ಮ ಎಣ್ಣೆ ಬಟ್ಟಲನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು, "ಇನ್ಮ್ಯಾಲೆ ನೀನೇ ಅಚ್ಚಮ್ಮಿ," ಎಂದು ಹಾಲು ಕರೆಯಲು ಹೋದಳು.